ಉದ್ದು ನೆನೆಯುವಷ್ಟು ದೂರ

ಹೋದ ವಾರ ಅಡುಗೆಮನೆಯ ಅಟ್ಟ ಖಾಲಿ ಮಾಡುವಾಗ ಇಂಗಿನ ವಾಸನೆ ಬಂತು. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಹಳೇ ಕಟ್ಟಡ, ಕೆಡವಿ ಹೊಸದು ಕಟ್ಟಲು, ರೀಡೆವಲಪ್‌ಮೆಂಟಿಗೆ ಹೋಗಿದೆ. ತಿಂಗಳ ಕೊನೆಯೊಳಗೆ ಎಲ್ಲರೂ ಮನೆ ಬಿಡಬೇಕು. ನಾನು ಸ್ಟೂಲಿನ ಮೇಲೆ ನಿಂತು ಒಂದೊಂದೇ ಸಾಮಾನು ಇಳಿಸುತ್ತಿದ್ದೆ. ಅಮ್ಮ ಕೆಳಗೆ ಕುರ್ಚಿಯಲ್ಲಿ ಕುಳಿತು ಪ್ರತಿಯೊಂದಕ್ಕೂ "ಅದು ಬೇಕು" ಎನ್ನುತ್ತಿದ್ದಳು. ಹಿಡಿ ಇಲ್ಲದ ಕುಕ್ಕರೂ ಬೇಕು, ತಳ ಒಡೆದ ಬಕೆಟೂ ಬೇಕು. ಜಗಳವಾಡುವುದಕ್ಕೂ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

ನನ್ನ ಕಾಲೇಜಿನ ಪುಸ್ತಕಗಳ ಗಂಟು ಕೆಳಗಿಳಿದಾಗ ಮಾತ್ರ ಅಮ್ಮ ಮೊದಲ ಬಾರಿಗೆ "ಅದು ಬೇಡ, ರದ್ದಿಗೆ ಹಾಕು" ಅಂದಳು. ಹನ್ನೆರಡನೆಯ ಕ್ಲಾಸಿನ ಫ್ರೆಂಚ್ ಪುಸ್ತಕವನ್ನು ರದ್ದಿಯ ರಾಶಿಗೆ ಎಸೆದಾಗ ಅದರೊಳಗಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಮಡಚಿದ ಕಾಗದ ಜಾರಿ ಬಿತ್ತು. ಸ್ಟೂಲಿನಿಂದ ಇಳಿದು ಚೀಲ ಬಿಚ್ಚಿದೆ. ಘಮ್ಮೆಂದು ಇಂಗು… ಇಷ್ಟು ವರ್ಷವಾದರೂ. ಅಮ್ಮ ಮೂಗು ಎತ್ತಿ, "ಮೇಲಿನ ಮಾಮ" ಅಂದಳು. ನನ್ನ ಕೈಯಲ್ಲಿ ಏನಿದೆ ಎಂದು ಅವಳಿಗೆ ಕಾಣಿಸಿರಲೇ ಇಲ್ಲ.

ಮೂರನೆಯ ಮಹಡಿಯಲ್ಲಿ, ಸರಿಯಾಗಿ ನಮ್ಮ ತಲೆಯ ಮೇಲೆ ಅವರ ಮನೆಯಿತ್ತು. ನಮ್ಮಂತೆಯೇ ಉಡುಪಿ ಕಡೆಯವರು. ಸಂಬಂಧವೇನೂ ಇಲ್ಲದಿದ್ದರೂ ನನಗೆ ಅವರು ಮಾಮ, ಅವರ ಹೆಂಡತಿ ಮಾಮಿ. ಮಕ್ಕಳಿರಲಿಲ್ಲ. ವರ್ಷದ ಒಂಬತ್ತು ತಿಂಗಳು ಮಾಮ ಠಾಣೆ ಪೇಟೆಯ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಏಪ್ರಿಲ್ ಬಂತೆಂದರೆ ಜನರನ್ನು ಯುರೋಪ್ ಟೂರಿಗೆ ಕರೆದೊಯ್ಯುವ ಒಂದು ಕಂಪನಿ ಅವರನ್ನು ಫ್ರಾನ್ಸಿಗೆ ಕಳಿಸುತ್ತಿತ್ತು, ಅಡುಗೆಗೆ. ಸಂಜೆ ಅನ್ನ ಸಾರು ಸಿಗುತ್ತದೆ ಎಂಬ ಭರವಸೆ ಇಲ್ಲದಿದ್ದರೆ ನಮ್ಮ ಜನಕ್ಕೆ ಐಫೆಲ್ ಟವರೂ ರುಚಿಸುವುದಿಲ್ಲ ಎನ್ನುವುದು ಆ ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಮಾಮ ಐಫೆಲ್ ಟವರ್ ನೋಡಿದವರಲ್ಲ. ಟೂರಿನವರು ಪ್ಯಾರಿಸ್ ಮುಗಿಸಿ ದಕ್ಷಿಣಕ್ಕೆ ಇಳಿದು ಒಂದು ಹಳ್ಳಿಯಲ್ಲಿ ಐದು ದಿನ ಇರುತ್ತಿದ್ದರು. ಅಲ್ಲಿ ಹಳೇ ರೈತರ ಮನೆಯೊಂದನ್ನು ವಸತಿಗೃಹ ಮಾಡಿದ್ದರಂತೆ. ಅದರ ಅಡುಗೆಮನೆಯಲ್ಲಿ ಮಾಮ ಎರಡೂವರೆ ತಿಂಗಳು ಬೀಡುಬಿಡುತ್ತಿದ್ದರು. ಒಂದು ಗುಂಪು ಹೋದರೆ ಮಾರನೆಯ ದಿನ ಇನ್ನೊಂದು ಗುಂಪು. ಬೆಳಿಗ್ಗೆ ನಲವತ್ತು ಜನರಿಗೆ ಉಪ್ಪಿಟ್ಟು, ಕೈಯಲ್ಲಿ ಕೊಂಡುಹೋಗಲು ಚಿತ್ರಾನ್ನದ ಡಬ್ಬಿ, ಸಂಜೆ ಪೂರ್ತಿ ಊಟ. ಹೋಗುವ ಮೊದಲು ಉಲ್ಹಾಸನಗರದ ಬಜಾರಿನಿಂದ ದೊಡ್ಡ ದೊಡ್ಡ ಮುಚ್ಚಳದ ಡಬ್ಬಿಗಳನ್ನು ತಂದು, ಮಸಾಲೆ ಪುಡಿ, ಇಂಗು, ಹುಣಿಸೆಹಣ್ಣು ಎಲ್ಲ ತುಂಬಿ ಅಂಟುಪಟ್ಟಿ ಸುತ್ತುವುದು ಒಂದು ವಾರದ ಕೆಲಸ. ಆ ವಾರ ನಮ್ಮ ಮನೆಯ ಬಟ್ಟೆಗಳಿಗೂ ಇಂಗಿನ ವಾಸನೆ ಹತ್ತುತ್ತಿತ್ತು.

ಜೂನ್ ಕೊನೆಗೆ ವಾಪಸು ಬಂದರೆಂದರೆ ನನಗೆ ಹಬ್ಬ. ಮಾಮಿ ಕೊಟ್ಟ ಚಹಾ ಆರುವವರೆಗೂ ಮಾಮ ಮಾತಾಡುತ್ತಿದ್ದರು. ನದಿಯ ಪಕ್ಕದ ಬಂಡೆಯ ನೆತ್ತಿಯಲ್ಲಿ ನಿಂತ ದೊಡ್ಡ ಕೋಟೆ, ಅದರ ಬೆಲ್ಲದ ಬಣ್ಣದ ಕಲ್ಲು, ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ಸಾವಿರಾರು ವರ್ಷಗಳ ಹಿಂದೆ ಯಾರೋ ಗುಹೆಯ ಗೋಡೆಯ ಮೇಲೆ ಬರೆದ ಕುದುರೆ, ಗೂಳಿ. ಮರದ ಮಾಡಿನ ಕೆಳಗೆ ನಡೆಯುವ ಸಂತೆ. ಕೋಟೆಯ ಅಡುಗೆಮನೆಯಲ್ಲಿ ಇಡೀ ಎತ್ತನ್ನು ಸುಡುವಷ್ಟು ದೊಡ್ಡ ಒಲೆ ಇದೆ ಎಂದು ಹೇಳಿ, "ಆ ಒಲೆಗೆ ಎಷ್ಟು ಸೌದೆ ಹಿಡಿದೀತು, ಅದನ್ನು ಒರೆಸುವವರ ಪಾಡು ಎಂತದು" ಎಂದು ತಾವೇ ಮರುಗುತ್ತಿದ್ದರು. ಕೇಳುತ್ತಾ ಕೇಳುತ್ತಾ ನನಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಆಗುತ್ತಿತ್ತು.

ಇವನ್ನೆಲ್ಲ ಅವರು ನೋಡಿರಲಿಲ್ಲ. ಅದನ್ನು ಮುಚ್ಚಿಟ್ಟೂ ಇರಲಿಲ್ಲ. ಸಂಜೆ ಊಟ ಬಡಿಸುವಾಗ ಒಬ್ಬೊಬ್ಬರನ್ನೂ "ಇವತ್ತು ಎಂತ ನೋಡಿದ್ರಿ?" ಎಂದು ಕೇಳುವುದು ಅವರ ಪದ್ಧತಿ. ಒಬ್ಬರು ಮೆಟ್ಟಿಲು ಎಣಿಸಿಕೊಂಡು ಬಂದಿದ್ದರೆ ಇನ್ನೊಬ್ಬರು ಒಲೆ ನೋಡಿಕೊಂಡು ಬಂದಿರುತ್ತಿದ್ದರು. ಎರಡನೆಯ ಸಲ ಅನ್ನ ಬಡಿಸುವಷ್ಟರಲ್ಲಿ ಮಾಮನ ಕೋಟೆ ಸಿದ್ಧ. ನನಗೆ ಹತ್ತು ವರ್ಷ. ಯಾವುದು ಕೇಳಿದ್ದು, ಯಾವುದು ನೋಡಿದ್ದು ಎಂದು ಬೇರೆ ಮಾಡಿ ನೋಡುವ ಅಗತ್ಯ ನನಗೆ ಆಗ ಕಂಡಿರಲಿಲ್ಲ.

ದೂರವನ್ನು ಅವರು ಕಿಲೋಮೀಟರಿನಲ್ಲಿ ಹೇಳುತ್ತಲೇ ಇರಲಿಲ್ಲ. ಎಲ್ಲಕ್ಕೂ ಅಡುಗೆಮನೆಯ ಲೆಕ್ಕ. ಹಳ್ಳಿಯ ಸಂತೆ ಅನ್ನ ಬೇಯುವಷ್ಟು ದೂರ. ನದಿ ತೊಗರಿಬೇಳೆ ಬೇಯುವಷ್ಟು ದೂರ. ಉದ್ದು ನೆನೆಹಾಕಿ ಹೊರಟರೆ ಗುಡ್ಡದ ಮೇಲಿನ ಗೋಪುರ ನೋಡಿ ರುಬ್ಬುವ ಹೊತ್ತಿಗೆ ವಾಪಸು ಬರಬಹುದು. ಈ ಗೋಪುರ ಅವರ ಮಾತಿನಲ್ಲಿ ಬಂದದ್ದು ಕಡೆಯ ಮೂರು ವರ್ಷಗಳಲ್ಲಿ. ದೊಡ್ಡ ಕೋಟೆಗೆ ಬಸ್ಸು ಮುಂದಿನ ರಸ್ತೆಯಿಂದ ಹೋಗುತ್ತದೆ. ಈ ಒಂಟಿ ಗೋಪುರ ಇರುವುದು ವಸತಿಗೃಹದ ಹಿಂದಿನ ಗುಡ್ಡದಲ್ಲಿ, ಕಾಡಿನ ಕಾಲುದಾರಿಯಲ್ಲಿ ನಡೆದೇ ಹೋಗಬೇಕು ಎನ್ನುತ್ತಿದ್ದರು. ಅದರ ಬಗ್ಗೆ ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಅದು ಯಾಕೆಂದು ನಾನು ಕೇಳಲಿಲ್ಲ…

ಆ ಕಾಲುದಾರಿಯಿಂದಲೇ ನಮ್ಮ ಕಟ್ಟಡಕ್ಕೆ ಹಳದಿ ಗುರುತು ಬಂದದ್ದು. "ಅಲ್ಲಿ ಕಾಡಿನ ದಾರಿಗೂ ಗುರ್ತು ಮಾಡಿ ಇಟ್ಟಿದ್ದಾರೆ ಮಗಾ. ಮರದ ಮೇಲೆ ಹಳದಿ ಪಟ್ಟಿ ಇದ್ರೆ ಸರಿ ದಾರಿ. ಹಳದಿ ಕ್ರಾಸ್ ಇದ್ರೆ ತಿರ್ಗಿ ಬರ್ಬೇಕು. ಯಾರನ್ನೂ ಕೇಳ್ಲಿಕ್ಕೇ ಇಲ್ಲ" ಎಂದು ಮಾಮ ಹೇಳಿದ್ದೇ ತಡ, ನಾನು ಅಮ್ಮನ ಡಬ್ಬಿಯಿಂದ ಅರಿಶಿನ ಕದ್ದು, ನೀರಲ್ಲಿ ಕಲಸಿ, ನೆಲಮಹಡಿಯಿಂದ ಮೂರನೆಯ ಮಹಡಿಯವರೆಗೆ ಪ್ರತಿ ತಿರುವಿನಲ್ಲೂ ಗೋಡೆಗೆ ಒಂದು ಪಟ್ಟಿ ಎಳೆದೆ. ಹದಿನಾಲ್ಕು ವರ್ಷದ ಹುಡುಗಿ ಮಾಡುವ ಕೆಲಸವೇ ಅದು ಎಂದು ಅಮ್ಮ ಬೈದಳು. ಎದುರಿನ ಕಟ್ಟಡ, ಸಿ ವಿಂಗಿನ ಬಾಗಿಲಿಗೆ ಒಂದು ಕ್ರಾಸ್ ಹಾಕಿದ್ದೆ; ಅಲ್ಲಿ ನಮಗೆ ಆಗದವರು ಇದ್ದರು ಎಂದಲ್ಲ, ಕ್ರಾಸ್ ಹಾಕಲು ಒಂದು ಜಾಗ ಬೇಕಿತ್ತು. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಯಾರ ಕೆಲಸ ಇದು ಎಂದು ಕೂಗಾಡಿದಾಗ ಮಾಮ ಸಮಾಧಾನವಾಗಿ, "ನಂದೇ. ಪ್ರಾಯ ಆಯ್ತಲ್ಲ, ಮನೆ ದಾರಿ ಮರೀತದೆ" ಎಂದು ಒಪ್ಪಿಕೊಂಡರು.

ಸೀಸನ್‌ಗೆ ಹೊರಡುವ ಮೊದಲು, ಮಾರ್ಚಿನ ಭಾನುವಾರಗಳಲ್ಲಿ ಅವರು ಮಂಡಿ ಸಡಿಲ ಮಾಡಿಕೊಳ್ಳಲು ನಡೆಯುತ್ತಿದ್ದರು. ಒಂದು ಸಲ ನನ್ನನ್ನೂ ಕಲ್ಯಾಣದ ದುರ್ಗಾಡಿ ಕೋಟೆಗೆ ಕರೆದುಕೊಂಡು ಹೋದರು. ಎಲ್ಲರೂ ಮೆಟ್ಟಿಲು ಹತ್ತಿ ಮೇಲಿನ ಗುಡಿಗೆ ಹೋಗುತ್ತಿದ್ದರೆ ಮಾಮ ನನ್ನನ್ನು ಹಿಂದಕ್ಕೆ, ಉಪ್ಪುನೀರಿನ ಖಾಡಿಯ ದಂಡೆಯ ಕಡೆಗೆ ಕರೆದೊಯ್ದರು. ಮುಳ್ಳು, ಕೆಸರು, ಯಾರೋ ಎಸೆದ ನಿರ್ಮಾಲ್ಯ. ಅಲ್ಲಿಂದ ಗೋಡೆಯ ಕಲ್ಲುಗಳು ಬರಿದಾಗಿ ಕಾಣುತ್ತಿದ್ದವು. "ಮುಂದಿಂದ ಎಲ್ರಿಗೂ ಕಾಣ್ತದೆ ಮಗಾ. ಅಡುಗೆಯವ್ರು ಯಾವಾಗ್ಲೂ ಹಿಂದಿನ ಬಾಗಿಲಿಂದ ಬರುದಲ್ವಾ, ನಮ್ಗೆ ಹೀಗೆ ನೋಡಿಯೇ ಅಭ್ಯಾಸ" ಅಂದರು. ನನಗೆ ಚಪ್ಪಲಿ ಕೆಸರಾದ ಸಿಟ್ಟು. ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ಮುಖ ಊದಿಸಿಕೊಂಡಿದ್ದೆ. ಸ್ಟೇಷನ್ನಿನ ಹೊರಗೆ ಕಬ್ಬಿನ ಹಾಲು ಕೊಡಿಸಿ ಸಮಾಧಾನ ಮಾಡಿದರು.

ಹನ್ನೊಂದನೆಯ ಕ್ಲಾಸಿನಲ್ಲಿ ನಾನು ಫ್ರೆಂಚ್ ತೆಗೆದುಕೊಂಡೆ. ಮನೆಯಲ್ಲಿ ತುಳು, ಅಕ್ಕಪಕ್ಕದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಇನ್ನು ಇದೊಂದು ಯಾಕೆ ಎಂದು ಅಮ್ಮ ಕೇಳಿದಾಗ, "ಮಾರ್ಕ್ಸ್ ಚೆನ್ನಾಗಿ ಬರ್ತದೆ" ಎಂದಿದ್ದೆ. ನಮ್ಮ ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡವರೆಲ್ಲ ಅದಕ್ಕೇ ತೆಗೆದುಕೊಂಡಿದ್ದು. ಇಡೀ ಕಟ್ಟಡದಲ್ಲಿ ಸಂತೋಷಪಟ್ಟವರು ಮಾಮ ಒಬ್ಬರೇ. ನನ್ನ ಪುಸ್ತಕ ತೆರೆದು, ಅಕ್ಷರಗಳ ಮೇಲೆ ಬೆರಳಾಡಿಸಿ, "ಹೌದು, ಹೀಗೆಯೇ, ಹೀಗೆಯೇ ಬರೆದಿರ್ತದೆ ಎಲ್ಲ ಕಡೆ" ಎಂದು ಮಾಮಿಯನ್ನು ಕರೆದು ತೋರಿಸಿದ್ದರು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ.

ಆ ಮೇಲಿನ ವರ್ಷ ಸಿ ವಿಂಗಿನ ಒಂದು ಕುಟುಂಬ ಅದೇ ಕಂಪನಿಯ ಟೂರಿನಲ್ಲಿ ಫ್ರಾನ್ಸಿಗೆ ಹೋಗಿ ಬಂತು. ವಿಜಯಪುರದ ಕಡೆಯವರು, ಅಂಕಲ್ ಬ್ಯಾಂಕಿನಲ್ಲಿ, ಆಂಟಿ ಮನೆಯಲ್ಲಿ, ನನ್ನ ವಯಸ್ಸಿನ ಒಬ್ಬ ಮಗ. ಐದು ದಿನ ಮಾಮನ ಕೈ ಅಡುಗೆ ಉಂಡು ಬಂದಿದ್ದರು. ಬಂದ ಮೇಲೆ ಆಂಟಿ ನಮ್ಮ ಅಮ್ಮನ ಹತ್ತಿರ ಅವರ ಸಾರನ್ನು ಹೊಗಳಿದ್ದೂ ಉಂಟು. ಕೆಟ್ಟ ಜನರಲ್ಲ.

ಸೊಸೈಟಿಯ ಗಣಪತಿ ಹಬ್ಬದಲ್ಲಿ ಸಂಜೆಯ ಆರತಿ ಮುಗಿದ ಮೇಲೆ ಎಲ್ಲರೂ ಪೆಂಡಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ರೂಢಿ. ಯಾರೋ ಮಾಮನನ್ನು ಫ್ರಾನ್ಸಿನ ಕತೆ ಹೇಳಿ ಎಂದು ಕೆಣಕಿದರು. ಮಾಮ ದೊಡ್ಡ ಕೋಟೆಯನ್ನು ಬಿಟ್ಟು ಗೋಪುರದ ದಾರಿಯನ್ನು ಹೇಳತೊಡಗಿದರು. ಅಕ್ರೋಟಿನ ತೋಟ, ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿ, ಅದರಲ್ಲಿ ಈಗಲೂ ಹರಿಯುವ ತಣ್ಣನೆಯ ನೀರು, ಕೊನೆಗೆ ಬಳ್ಳಿ ಹಬ್ಬಿದ ಗೋಪುರ. ಎದುರಿಗೆ ಸಿ ವಿಂಗಿನವರು ಕುಳಿತಿದ್ದಾರೆ ಎನ್ನುವುದನ್ನು ಮಾತಿನ ಭರದಲ್ಲಿ ಮರೆತಿದ್ದರೆಂದು ಕಾಣುತ್ತದೆ.

ಆಂಟಿ ನಗುತ್ತಲೇ ಅಂದರು, "ಅಲ್ರಿ, ನಾವೂ ಐದ ದಿನಾ ಅಲ್ಲೇ ಇದ್ವಲ್ರಿ. ಗೋಪುರಾ ಗೀಪುರಾ ಏನೂ ತೋರಿಸಲಿಲ್ಲ ನಮಗ. ನೀವು ನೋಡಿದ್ರ ಮುಂಜಾನಿಂದ ಸಂಜಿತನಾ ಅಡಗಿಮನ್ಯಾಗ ಇದ್ರಿ. ಗುಡ್ಡಾ ಯಾವಾಗ ಹತ್ತಿದ್ರಿ?"

ಅವರ ಮಗ ಹಿಂದಿಯಲ್ಲಿ, "ಕ್ಯಾ ಫೇಂಕ್ ರಹೇ ಹೋ ಅಂಕಲ್", ಏನು ಬುರುಡೆ ಬಿಡ್ತಿದ್ದೀರಿ, ಎಂದ. ಹುಡುಗರೆಲ್ಲ ಹೋ ಎಂದು ನಕ್ಕರು. ಮಾಮ ಬ್ಯಾಂಕಿನ ಅಂಕಲ್‌ನ ಮುಖ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕೇಳಿದವಳು ನಾನಲ್ಲವೇ, ಒಂದು ಮಾತು ಆಡಿಯಾಳು ಎಂದು ಇರಬೇಕು.

ನಾನು ಆಡಿದೆ. ಹದಿನೇಳು ವರ್ಷದ ನಾಲಿಗೆ. ಆ ಹುಡುಗನ ಎದುರು ನಾನೂ ಅಡುಗೆಮನೆಯ ಕತೆ ನಂಬುವ ಪೆದ್ದಿ ಎಂದು ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. "ಹಾಗಾದ್ರೆ ಹೇಳಿ ಮಾಮ, ಆ ಗೋಪುರದ ಒಳಗೆ ಎಂತ ಉಂಟು?" ಎಂದು ಕೇಳಿದೆ. ಪ್ರಶ್ನೆ ಅಷ್ಟೇನೂ ಕೆಟ್ಟದ್ದಲ್ಲ. ಕೇಳಿದ ರೀತಿ ಕೆಟ್ಟದ್ದು.

"ಒಳಗೆ ಹೋಗ್ಲಿಲ್ಲ ಮಗಾ" ಅಂದರು ಮಾಮ. "ಬಾಗಿಲು ಉಂಟು. ಬಾಗಿಲಲ್ಲಿ ಬೋರ್ಡ್ ಉಂಟು…"

ಮುಂದಿನದು ನಗುವಿನಲ್ಲಿ ಮುಳುಗಿಹೋಯಿತು. ಆ ನಗುವಿನ ಮೇಲೆ ನಾನು, "ಮಾಮ ಒಳ್ಳೇ ರೈಲು ಬಿಟ್ರು" ಎಂದು ಇನ್ನಷ್ಟು ಸುರಿದೆ. ಮಾಮನೂ ನಕ್ಕರು. ತಟ್ಟೆಯಲ್ಲಿ ಉಳಿದಿದ್ದ ಪ್ರಸಾದದ ಶೇಂಗಾ ಒಂದೊಂದೇ ಬಾಯಿಗೆ ಹಾಕಿಕೊಂಡು, ಮುಗಿದ ಮೇಲೆ ಎದ್ದು, ತಟ್ಟೆಯನ್ನು ತಾವೇ ತೊಳೆದಿಟ್ಟು ಮೇಲೆ ಹೋದರು. ಅಮ್ಮ ಮನೆಗೆ ಬಂದು ನನಗೆ ಒಂದೇ ಮಾತು ಹೇಳಿದಳು, ತುಳುವಿನಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಬೈಗುಳವಲ್ಲ, ಅದಕ್ಕಿಂತ ಹೆಚ್ಚಿನದು.

ಆಮೇಲೆ ಮಾಮ ಕತೆ ಹೇಳುವುದನ್ನು ನಿಲ್ಲಿಸಿದರು. ಮಾತು ಬಿಟ್ಟರು ಎಂದಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಕಾಲೇಜು ಹೇಗೆ ನಡೀತದೆ, ಊಟ ಆಯ್ತಾ ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ನನಗೇ ಮುಖ ಕೊಟ್ಟು ಮಾತಾಡಲು ಆಗುತ್ತಿರಲಿಲ್ಲ. ತಪ್ಪು ಮಾಡಿದವರಿಗೆ ತಪ್ಪು ಯಾರ ಮೇಲೆ ಮಾಡಿದರೋ ಅವರ ಮೇಲೆಯೇ ಸಿಟ್ಟು ಬರುತ್ತದೆ. ನನಗೂ ಹಾಗೆಯೇ ಬಂತು. ಸುಳ್ಳು ಹೇಳಿದ್ದು ಅವರು, ನಾನು ಯಾಕೆ ಬೇಸರ ಮಾಡಿಕೊಳ್ಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ದೀಪಾವಳಿಗೆ ಸೊಸೈಟಿಯವರು ಮೆಟ್ಟಿಲಿಗೆಲ್ಲ ಸುಣ್ಣ ಬಳಿಸಿದರು. ಅರಿಶಿನದ ಪಟ್ಟಿಗಳು ಮುಚ್ಚಿಹೋದವು. ನನಗೆ ಒಳಗೊಳಗೇ ಹಗುರವಾಯಿತು.

ಏಪ್ರಿಲಿನಲ್ಲಿ ನನ್ನ ಹನ್ನೆರಡನೆಯ ಪರೀಕ್ಷೆಗಳು ಮುಗಿದಿದ್ದವು. ಮಾಮ ಹೊರಡಲು ಒಂದು ವಾರ ಇತ್ತು. ಒಂದು ಮಧ್ಯಾಹ್ನ ಕೆಳಗೆ ಬಂದು, ಮಸಾಲೆ ಡಬ್ಬಿಗಳ ಜೊತೆ ಇಟ್ಟಿದ್ದ ಒಂದು ಪ್ಲಾಸ್ಟಿಕ್ ಚೀಲ ನನ್ನ ಕೈಗೆ ಕೊಟ್ಟರು. "ಪರೀಕ್ಷೆ ಮುಗೀಲಿ ಅಂತ ಕಾದೆ ಮಗಾ. ಇದು ಅಲ್ಲಿನ ನಡೆಯುವ ದಾರಿಯ ನಕ್ಷೆ. ಮೂಲೆಯಲ್ಲಿ ನಾನು ಒಂದು ಬೋರ್ಡ್ ಬರ್ಕೊಂಡು ಬಂದಿದ್ದೇನೆ, ನೋಡಿ ನೋಡಿ, ಚಿತ್ರ ಬರ್ದ ಹಾಗೆ. ಅದ್ರಲ್ಲಿ ಎಂತ ಉಂಟು ಅಂತ ಓದಿ ಹೇಳು ಆಯ್ತಾ. ಅವಸರ ಇಲ್ಲ. ನಾನು ಹೋಗುದ್ರೊಳಗೆ ಆದ್ರೆ ಸಾಕು."

ಹ್ಞೂಂ ಎಂದೆ. ಚೀಲವನ್ನು ಫ್ರೆಂಚ್ ಪುಸ್ತಕದೊಳಗೆ ಸೇರಿಸಿದೆ. ಆ ವಾರ ಗೆಳತಿಯರ ಜೊತೆ ನವಿ ಮುಂಬಯಿಯ ಮಾಲ್, ಸಿನಿಮಾ, ಕೂದಲು ಕತ್ತರಿಸಿಕೊಳ್ಳುವುದು ಎಲ್ಲಕ್ಕೂ ನನಗೆ ಸಮಯವಿತ್ತು. ಚೀಲ ತೆರೆಯಲು ಮನಸ್ಸಾಗಲಿಲ್ಲ. ತೆರೆದರೆ ಮತ್ತೆ ಆ ಗೋಪುರ, ಮತ್ತೆ ಆ ಸಂಜೆ. ರೈಲಿಗೆ ಇನ್ನೊಂದು ಡಬ್ಬಿ ಸೇರಿಸುತ್ತಿದ್ದಾರೆ ಎಂದೂ ಅನ್ನಿಸಿತ್ತು.

ಹೊರಡುವ ದಿನ ಬೆಳಿಗ್ಗೆ ಮಾಮ ಬಾಗಿಲಲ್ಲಿ ನಿಂತರು. ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. "ಓದಿದ್ಯಾ?" ಎಂದು ಕೇಳಿದರು.

"ಓದಿದೆ ಮಾಮ" ಎಂದೆ. "ವಿಶೇಷ ಎಂತದೂ ಇಲ್ಲ. ದಾರಿಯ ಹೆಸರು ಅಷ್ಟೇ."

"ಹೌದಾ… ನಾನು ಎಂತದೋ ಅಂದ್ಕೊಂಡಿದ್ದೆ" ಅಂದರು. ನಕ್ಷೆ ವಾಪಸು ಕೇಳಲಿಲ್ಲ. ನನ್ನ ತಲೆ ನೇವರಿಸಿ, ಹೊಸ ಕೂದಲು ಲಾಯಕ್ಕಾಗಿದೆ ಎಂದು ಹೇಳಿ ಇಳಿದುಹೋದರು. ಎರಡನೆಯ ತಿರುವಿನಲ್ಲಿ ಅವರು ಗೋಡೆಯ ಕಡೆ ಒಂದು ಸಲ ನೋಡಿದ್ದು ನನಗೆ ನೆನಪಿದೆ. ಅಲ್ಲಿ ಬರೀ ಸುಣ್ಣವಿತ್ತು.

ಅದೇ ಅವರ ಕೊನೆಯ ಸೀಸನ್. ಮಂಡಿ ಪೂರ್ತಿ ಹಾಳಾಗಿ, ಇನ್ನು ನಿಂತು ಅಡುಗೆ ಮಾಡುವುದು ಬೇಡ ಎಂದು ಡಾಕ್ಟರು ಹೇಳಿದರು. ಮೂರು ಮಹಡಿ ಹತ್ತುವುದೂ ಕಷ್ಟವಾಗಿ, ಇಲ್ಲಿನ ಮನೆ ಮಾರಿ ಟಿಟ್ವಾಳಾದಲ್ಲಿ ನೆಲಮಹಡಿಯ ಒಂದು ಮನೆ ತೆಗೆದುಕೊಂಡರು. ಗಣಪತಿ ದೇವಸ್ಥಾನ ಹತ್ತಿರ, ಗಾಳಿ ಒಳ್ಳೆಯದು ಎಂದು ಮಾಮಿ ಹೇಳಿದ್ದರು. ಡೊಂಬಿವಲಿಯಿಂದ ಟಿಟ್ವಾಳಾ ಏನು ಮಹಾ ದೂರ. ಮಾಮನ ಲೆಕ್ಕದಲ್ಲಿ ತೊಗರಿಬೇಳೆ ಬೇಯುವಷ್ಟು. ನಾನು ಒಂದೇ ಒಂದು ಸಲವೂ ಹೋಗಲಿಲ್ಲ. ಡಿಗ್ರಿ, ಆಮೇಲೆ ರಬಾಳೆಯ ಕಂಪನಿಯಲ್ಲಿ ಕೆಲಸ, ದಿನಾ ಎರಡು ಟ್ರೇನ್ ಬದಲಾಯಿಸುವ ಓಡಾಟ… ಹೇಳಿಕೊಳ್ಳಲು ಕಾರಣಗಳಿಗೇನು ಬರ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಅಪ್ಪ, ಅಮ್ಮ ಹೋದರು. ನಾನು ಹದಿಮೂರನೆಯ ದಿನಕ್ಕೆ ಹೋಗುತ್ತೇನೆ ಎಂದೆ. ಆ ದಿನ ಆಫೀಸಿನಲ್ಲಿ ಆಡಿಟ್ ಇತ್ತು. ಮಾಮಿ ಮಂಗಳೂರಿನ ಕಡೆ ತಮ್ಮನ ಮನೆಗೆ ಹೋದರು. ಮೂರು ವರ್ಷದ ಹಿಂದೆ ಅವರೂ ಹೋದರೆಂದು ಅಮ್ಮನಿಗೆ ಯಾರೋ ಹೇಳಿದರು.

ಹೋದ ವಾರ ನಾನು ನೆಲದ ಮೇಲೆ ಕುಳಿತು, ಆ ನಕ್ಷೆಯನ್ನು ಬಿಡಿಸಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಮಡಿಕೆಗಳಲ್ಲಿ ಅರಿಶಿನದ ಕಲೆ. ನೀಲಿ ನದಿ, ಹಸಿರು ಕಾಡು, ಅದರ ನಡುವೆ ಚುಕ್ಕಿಚುಕ್ಕಿಯ ಕಾಲುದಾರಿ. ದಾರಿಯ ಉದ್ದಕ್ಕೂ ಮಾಮನ ಗುಂಡು ಗುಂಡಾದ ಕನ್ನಡ ಅಕ್ಷರ. "೧.೪೦ ಉದ್ದು ನೆನೆಹಾಕಿ ಹೊರಟದ್ದು. ೨.೦೫ ಅಕ್ರೋಟು ತೋಟ, ನಾಯಿ ಉಂಟು, ಪಾಪದ್ದು. ೨.೩೦ ಒಗೆಯುವ ಕಲ್ಲಿನ ತೊಟ್ಟಿ, ನೀರು ಕುಡಿದೆ. ೩.೦೦ ಗೋಪುರ. ೩.೧೦ ವಾಪಸು. ೪.೧೫ ಉದ್ದು ರುಬ್ಬಿದ್ದು." ಇದು ನೀಲಿ ಶಾಯಿಯಲ್ಲಿ. ಅದರ ಕೆಳಗೆ ಕಪ್ಪು ಶಾಯಿಯಲ್ಲಿ ಮತ್ತೊಂದು ವರ್ಷದ ಹೊತ್ತುಗಳು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ವರ್ಷದವು. ನಾಯಿ ಎರಡನೆಯ ವರ್ಷ ಮರಿ ಹಾಕಿತ್ತು. ಮೂರನೆಯ ವರ್ಷ ನಾಯಿಯ ಹೆಸರಿಲ್ಲ.

ಮೂರು ವರ್ಷ ಅವರು ಆ ಗುಡ್ಡ ಹತ್ತಿದ್ದರು. ಮಧ್ಯಾಹ್ನದ ಡಬ್ಬಿ ಕಟ್ಟಿ ಕಳಿಸಿ, ಸಂಜೆಯ ಒಲೆ ಹಚ್ಚುವ ನಡುವಿನ ಹೊತ್ತಿನಲ್ಲಿ, ಯಾರಿಗೂ ಹೇಳದೆ. ಅಡುಗೆಯವನು ಅಡುಗೆಮನೆ ಬಿಟ್ಟು ಹೋಗುವಂತಿರಲಿಲ್ಲ. ಪಾಸ್‌ಪೋರ್ಟ್ ಮ್ಯಾನೇಜರನ ಚೀಲದಲ್ಲಿ ಇರುತ್ತಿತ್ತು ಎಂದು ಮಾಮಿ ಒಮ್ಮೆ ಹೇಳಿದ್ದು ಈಗ ನೆನಪಾಗುತ್ತದೆ. ಗಣಪತಿ ಪೆಂಡಾಲಿನಲ್ಲಿ ಅವರು ಬ್ಯಾಂಕಿನ ಅಂಕಲ್‌ನ ಮುಖ ನೋಡಿದ್ದು ಯಾಕೆಂದೂ ಈಗ ಗೊತ್ತಾಗುತ್ತದೆ. ಹೌದು, ಹೋಗಿದ್ದೆ ಎಂದಿದ್ದರೆ ಆ ಮಾತು ಗಿರಾಕಿಯಾದ ಅಂಕಲ್ ಮೂಲಕ ಕಂಪನಿಗೆ ಮುಟ್ಟುತ್ತಿತ್ತು. ಮರುವರ್ಷ ಅವರನ್ನು ಕರೆಯುತ್ತಿರಲಿಲ್ಲ. ಸುಳ್ಳುಗಾರ ಎನ್ನಿಸಿಕೊಂಡು ಕುಳಿತರೆ ಇನ್ನೊಂದು ಸಲ ಆ ಗುಡ್ಡ ಹತ್ತಬಹುದಿತ್ತು. ಅವರು ಸುಮ್ಮನೆ ಶೇಂಗಾ ತಿಂದರು.

ನಕ್ಷೆಯ ಮೂಲೆಯಲ್ಲಿ ಒಂದು ಚೌಕ, ಎಳ್ಳು ಗಾತ್ರದ ಮೊಳೆಗಳ ಸಮೇತ. ಬೋರ್ಡನ್ನು ಹಾಗೆಯೇ ಬರೆದುಕೊಂಡಿದ್ದರು. ಅದರ ಮೇಲೆ ಕನ್ನಡದಲ್ಲಿ: "ಬಾಗಿಲಿಗೆ ಬೀಗ ಇಲ್ಲ. ಬೋರ್ಡ್ ಉಂಟು. ಒಳಗೆ ಬರಬಾರದು ಅಂತಲೋ ಏನೋ. ಮಗುವಿನ ಹತ್ತಿರ ಕೇಳುವುದು." ಅದರ ಕೆಳಗೆ, ಅಕ್ಷರ ಬರೆದಂತಲ್ಲ, ರಂಗೋಲಿ ಎಳೆದಂತೆ ಒಂದೊಂದೇ ಗೆರೆ ಕೂಡಿಸಿ ಬರೆದ ಎರಡು ಸಾಲು ಫ್ರೆಂಚ್.

ಮಾರ್ಕ್ಸಿಗಾಗಿ ಕಲಿತ ಆ ಭಾಷೆ ನನಗೆ ಈಗ ಪೂರ್ತಿ ಮರೆತುಹೋಗಿದೆ. ಆದರೆ ಈ ಎರಡು ಸಾಲಿಗೆ ನಿಘಂಟು ಬೇಕಾಗಲಿಲ್ಲ. ಮೊದಲ ತಿಂಗಳ ಪಾಠದಲ್ಲೇ ಬರುವ ಪದಗಳು. ಆಂತ್ರೇ ಲೀಬ್ರ್. ಪೂಸೇ ಲಾ ಪೋರ್ತ್. ಪ್ರವೇಶ ಎಲ್ಲರಿಗೂ ಮುಕ್ತ. ಬಾಗಿಲು ತಳ್ಳಿ.

ಅಮ್ಮ ಏನಾಯಿತು ಎಂದು ಕೇಳಿದಳು. ಓದಿ ಹೇಳಿದೆ. ಆ ಏಪ್ರಿಲಿನ ಬೆಳಿಗ್ಗೆ ನಾನು ಬಾಗಿಲಲ್ಲಿ ಹೇಳಿದ ಮಾತನ್ನೂ ಹೇಳಿದೆ. ಇಪ್ಪತ್ತು ವರ್ಷದ ಹಿಂದೆ ತುಳುವಿನಲ್ಲಿ ಅಂದ ಮಾತನ್ನು ಅಮ್ಮ ಈಗ ಅನ್ನಲಿಲ್ಲ. ಸುಮ್ಮನೆ ಕೈ ಚಾಚಿ ನಕ್ಷೆ ಇಸಿದುಕೊಂಡು, ಮೂಸಿ, ಮಡಿಲಲ್ಲಿ ಇಟ್ಟುಕೊಂಡಳು. "ಇದು ಬೇಕು" ಅಂದಳು.

ನಾಲ್ಕನೆಯ ಸಲ, ಆ ಕೊನೆಯ ವರ್ಷ, ಮಾಮ ಮತ್ತೆ ಹತ್ತಿದರೇ? ನೋಯುವ ಮಂಡಿ ಹಿಡಿದುಕೊಂಡು, ಕೈಯಲ್ಲಿ ನಕ್ಷೆಯೂ ಇಲ್ಲದೆ ಆ ಬಾಗಿಲ ಮುಂದೆ ನಿಂತರೇ? ಬೋರ್ಡಿನಲ್ಲಿ ದಾರಿಯ ಹೆಸರು ಬರೆದಿದೆ ಅಷ್ಟೇ ಎಂದುಕೊಂಡು ಹತ್ತು ನಿಮಿಷ ನೋಡಿ ವಾಪಸು ಇಳಿದರೇ, ಉದ್ದು ರುಬ್ಬುವ ಹೊತ್ತಾಯಿತೆಂದು? ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಯಾರೂ ಉಳಿದಿಲ್ಲ. ಗೋಪುರದ ಒಳಗೆ ಏನಿದೆ ಎಂದು ಈಗ ಫೋನಿನಲ್ಲಿ ಒಂದು ನಿಮಿಷದಲ್ಲಿ ಹುಡುಕಬಹುದು. ಊರಿನ ಹೆಸರು ನಕ್ಷೆಯ ಮೇಲೇ ಇದೆ. ಎರಡು ಸಲ ಬರೆದು ಅಳಿಸಿದೆ. ಅವರಿಗೆ ಸಿಗದ್ದು ನನಗೆ ಹಾಸಿಗೆಯ ಮೇಲೆ ಒರಗಿಕೊಂಡು ಸಿಗುವುದು ಬೇಡ ಅನ್ನಿಸಿತು.

ನಿನ್ನೆ ಸಂಜೆ ಒಂದು ಮಹಡಿ ಹತ್ತಿ ಮೇಲೆ ಹೋದೆ. ಅವರ ನಂತರ ಆ ಮನೆಯಲ್ಲಿ ಎರಡು ಕುಟುಂಬ ಇದ್ದು ಹೋದವು. ಈಗ ಅದೂ ಖಾಲಿ. ತಿರುವಿನ ಗೋಡೆಯಲ್ಲಿ ಸುಣ್ಣ ಚಕ್ಕೆಯೆದ್ದ ಕಡೆ ಉಗುರಿನಿಂದ ಕೆರೆದು ನೋಡಿದೆ. ಬಿಳಿ, ಅದರಡಿಯಲ್ಲಿ ತಿಳಿ ಹಸಿರು, ಅದರಡಿಯಲ್ಲಿ ಮತ್ತೆ ಬಿಳಿ. ಹಳದಿ ಸಿಗಲಿಲ್ಲ.

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಆ ಬಾಗಿಲ ಮುಂದೆ ನಿಂತು, ಮಾಮ, ಟಿಕೆಟ್ ಬೇಕಾಗಿರಲಿಲ್ಲ, ಯಾರೂ ಬೈಯುತ್ತಿರಲಿಲ್ಲ, ಬಾಗಿಲು ತಳ್ಳಿದ್ದರೆ ಸಾಕಿತ್ತು ಎಂದು ಹೇಳಿ, ಬಾಗಿಲು ತಳ್ಳಿ ಒಳಗೆ ಹೋಗಬೇಕು ಎಂದುಕೊಂಡಿದ್ದೆ. ಮೇಲೆ ಹೋಗಿ ನೋಡಿದರೆ ಬಾಗಿಲೇ ಇರಲಿಲ್ಲ. ಹಳೇ ಮರ ಕೊಳ್ಳುವವನು ಬೆಳಿಗ್ಗೆಯೇ ಚೌಕಟ್ಟಿನ ಸಮೇತ ಕಿತ್ತುಕೊಂಡು ಹೋಗಿದ್ದ.